ಸೂಜಿಮೆಣಸಿನ ಕೊಯಿಲು ಮತ್ತು ಕೈಗಳ ರಕ್ಷಣೆ

(ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಜಮೀನುದಾರರ ಹಾಗೂ ಗ್ರಾಮ ಮುಖಂಡರ ತಿಳಿವಳಿಕೆಗಾಗಿ)

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬೀ ಮೂರು ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಸೂಜಿಮೆಣಸಿನ ಗಿಡವನ್ನು ಅರಿಯದವರು ಯಾರೂ ಇಲ್ಲ. ಕೆಲವೆಡೆ ಜೀರಿಗೆಮೆಣಸೆಂದೂ, ದಕ್ಷಿಣದ ಕರಾವಳಿಯಲ್ಲಿ ಗಾಂಧಾರಿ ಮೆಣಸೆಂದೂ ಕರೆಯಲ್ಪಡುವ ಈ ಗಿಡವನ್ನು ಬಹುಮಟ್ಟಿಗೆ ಯಾರೂ ನೆಟ್ಟು ಬೆಳೆಸಿದುದಲ್ಲ. ಹಣ್ಣನ್ನು ನುಂಗಿದ ಪಿಕಳಾರ ಮೊದಲಾದ ಹಕ್ಕಿಗಳು ಬೀಜವನ್ನು ಉದುರಿಸಿದ ಕಡೆ, ಅಂದರೆ ತೋಟದ ಬದುವಿನಲ್ಲಿ, ಬೇಲಿಯ ಬುಡದಲ್ಲಿ, ಗೊಬ್ಬರಗುಂಡಿಯ ಮಗ್ಗುಲಲ್ಲಿ ಅದು ತಾನಾಗಿಯೇ ಹುಟ್ಟಿ, ಅರೆನೆರಳಿನಲ್ಲಿ ಎರಡು ಮೂರು ವರ್ಷಗಳವರೆಗೆ ಫಲ ಕೊಡುತ್ತಿರುವುದು. ಹಿಂದೆ ಮನೆಯ ಅಡಿಗೆಗೆ ಒಂದು ಹಿಡಿ ಕಾಯಿ ಕಿತ್ತರೆ ಸಾಕಾಗುತ್ತಿದ್ದಿತು. ಉಳಿದುದು ಹಕ್ಕಿಗಳ ಪಾಲು. ಈಚೆಗೆ ಒಣಗಿಸಿದ ಸೂಜಿಮೆಣಸಿಗೆ ಪೇಟೆಯಲ್ಲಿ ಕೇಳಿಕೆ ಉಂಟಾಗಿರುವುದರಿಂದ, ಅದನ್ನು ಅಡಿಕೆಯೊಂದಿಗೆ ಒಂದು ಉಪಬೆಳೆಯಾಗಿ ಇಟ್ಟುಕೊಳ್ಳತಕ್ಕ ಜಮೀನುದಾರರು ಹೆಚ್ಚುತ್ತಿದ್ದಾರೆ.

ಆದರೆ ಈ ಬೆಳೆಗೆ ಇರುವ ಮುಖ್ಯವಾದ ಅಡಚಣೆ ನೀರಿನದೂ ಅಲ್ಲ, ಗೊಬ್ಬರದ್ದೂ ಅಲ್ಲ; ಕೊಯ್ಯುವ ಕೈಗಳದು. ಮೊದಲ ದಿನ ಬಂದ ಹೆಣ್ಣಾಳು ಎರಡನೆಯ ದಿನ ಬರುವುದಿಲ್ಲ. ಕೂಲಿ ಸಾಲದೆಂದು ಬಾರಲಿಲ್ಲವೆಂದು ಯಜಮಾನನು ತಿಳಿದುಕೊಳ್ಳುತ್ತಾನೆ. ಆಕೆಯು ರಾತ್ರಿಯೆಲ್ಲ ಕೈಯನ್ನು ತಂಬಿಗೆಯ ನೀರಿನಲ್ಲಿ ಅದ್ದಿಕೊಂಡು ಕುಳಿತಿದ್ದ ಸಂಗತಿ ಅವನಿಗೆ ತಿಳಿಯುವುದೇ ಇಲ್ಲ. ಹೆಂಗಸರು ಇಂತಹ ನೋವನ್ನು ಹೇಳಿಕೊಳ್ಳುವುದು ಕಡಿಮೆ. ಹೇಳಿಕೊಂಡರೆ ಮೆಣಸು ಮುಟ್ಟಿದರೆ ಉರಿಯದೆ ಇದ್ದೀತೇ ಎಂದು ನಗುವವರೇ ಹೆಚ್ಚು. ಈ ಉರಿಯು ತಡೆಯಲಾಗದ್ದಲ್ಲ. ಅದರ ಸ್ವಭಾವವನ್ನು ಸರಿಯಾಗಿ ತಿಳಿಯದೆ ನೀರನ್ನೇ ನಂಬಿರುವುದರಿಂದ ಅದು ಪ್ರತಿವರ್ಷವೂ ಮರುಕಳಿಸುತ್ತಿದೆ.

ಉರಿಯ ಕಾರಣ.— ಮೆಣಸಿನ ಕಾಯಿಯಲ್ಲಿರುವ ಖಾರದ ಸತ್ತ್ವಕ್ಕೆ ಕ್ಯಾಪ್ಸೇಸಿನ್ ಎಂದು ಹೆಸರು. ಖಾರವೆಲ್ಲ ಬೀಜದಲ್ಲಿದೆಯೆಂಬುದು ಸಾಮಾನ್ಯವಾದ ನಂಬಿಕೆ, ಇದು ಸರಿಯಲ್ಲ. ಬೀಜಗಳು ಕಚ್ಚಿಕೊಂಡಿರತಕ್ಕ ಬಿಳಿಯ ನಡುದಿಂಡಿನಲ್ಲಿ ಈ ಸತ್ತ್ವವು ಹುಟ್ಟುತ್ತದೆ. ಬೀಜಕ್ಕೆ ತಗಲುವುದು ಅಲ್ಲಿಂದ ಒಸರಿದುದು ಮಾತ್ರ. ಆದುದರಿಂದ ಸಿಪ್ಪೆ ಒಡೆಯದ ಕಾಯಿಯನ್ನು ಮುಟ್ಟಿದವನಿಗೆ ಅಷ್ಟೇನೂ ಬಾಧೆಯಿಲ್ಲ. ಕಾಯಿಯು ಹರಿದ ಅಥವಾ ಜಜ್ಜಿದ ಕ್ಷಣದಿಂದ ತೊಂದರೆ ಪ್ರಾರಂಭವಾಗುವುದು. ಸೂಜಿಮೆಣಸಿನಲ್ಲಿ ಇದಕ್ಕೊಂದು ವಿಶೇಷ ಕಾರಣವುಂಟು. ಅದು ಪೂರ್ಣವಾಗಿ ಹಣ್ಣಾದಾಗ ತೊಟ್ಟಿನಿಂದ ಬಹು ಸುಲಭವಾಗಿ ಕಳಚಿಕೊಳ್ಳುತ್ತದೆ. ಹಕ್ಕಿಗೆ ಇದು ಅನುಕೂಲ, ಕೊಯ್ಯುವವರಿಗೆ ಪ್ರತಿಕೂಲ. ತೊಟ್ಟು ಗಿಡದಲ್ಲಿಯೇ ಉಳಿದು, ಹಣ್ಣಿನ ಬುಡದಲ್ಲಿ ಬಾಯಿ ತೆರೆದಂತಾಗಿ, ಒಳಗಿನ ರಸವು ಬೆರಳಿಗೆ ಹತ್ತುವುದು. ಒಂದು ಹಣ್ಣಿನಿಂದ ಹತ್ತುವ ರಸವು ಕಣ್ಣಿಗೆ ಕಾಣುವಷ್ಟೂ ಇರದು. ಆದರೆ ಕಾಯಿ ಬಹು ಚಿಕ್ಕದಾದುದರಿಂದ ಒಂದು ಬುಟ್ಟಿ ತುಂಬಲು ಸಾವಿರಾರು ಸಲ ಕೈಯಾಡಿಸಬೇಕು.

ಖಾರದ ಪ್ರಮಾಣವನ್ನು ಅಳೆಯುವ ಕ್ರಮವೊಂದನ್ನು ಅಮೇರಿಕದ ವಿಲ್ಬರ್ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞನು 1912ರಲ್ಲಿ ಏರ್ಪಡಿಸಿದನು. ಮೆಣಸಿನ ಸಾರಕ್ಕೆ ಸಕ್ಕರೆಯ ನೀರನ್ನು ಎಷ್ಟು ಪಾಲು ಬೆರಸಿದರೆ ನಾಲಿಗೆಗೆ ಖಾರ ತಿಳಿಯದಂತಾಗುವುದೋ ಅದೇ ಅದರ ಅಳತೆ. ಈ ಅಳತೆಯಲ್ಲಿ, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸು ಸುಮಾರು 8,000ದಿಂದ 15,000ದವರೆಗೆ ಇದ್ದರೆ, ಸೂಜಿಮೆಣಸಿನ ಜಾತಿಯವು ಸುಮಾರು 50,000ದಿಂದ 1,00,000ದವರೆಗೆ ಹೋಗುತ್ತವೆ. ಬ್ಯಾಡಗಿ ಮೆಣಸನ್ನು ದಿನವೆಲ್ಲ ತೊಟ್ಟು ಬಿಡಿಸಿದರೂ ತಮಗೇನೂ ಆಗಲಿಲ್ಲವೆಂದು ಹೇಳುವವರ ಅನುಭವವು ಸೂಜಿಮೆಣಸಿಗೆ ಅನ್ವಯಿಸುವುದಿಲ್ಲವೆಂಬುದು ಇದರಿಂದ ತಿಳಿಯತಕ್ಕದ್ದು. ಈಶಾನ್ಯ ಭಾರತದ ಭೂತ್ ಜೊಲೊಕಿಯಾ ಎಂಬ ಮೆಣಸಾದರೋ ಹತ್ತು ಲಕ್ಷವನ್ನು ಮೀರಿ, ಲೋಕದಲ್ಲೆಲ್ಲ ಅತ್ಯಂತ ಖಾರವಾದುದೆಂದು 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ್ದಿತು. ಕುತೂಹಲದಿಂದ ಇಂತಹವುಗಳ ಬೀಜ ತರಿಸಿ ಹಿತ್ತಲಲ್ಲಿ ಹಾಕುವ ತರುಣರು, ಈ ಲೇಖನದಲ್ಲಿ ಹೇಳಿದ ಎಚ್ಚರಿಕೆಗಳನ್ನು ಹತ್ತರಷ್ಟು ಹೆಚ್ಚಾಗಿ ಪಾಲಿಸಬೇಕು.

ಇನ್ನು ಉರಿಯೆಂಬುದೇನು? ಕೈಗೆ ಕೆಂಡ ತಗಲಿದಾಗ ಆ ಬಿಸಿಯನ್ನು ಮಿದುಳಿಗೆ ತಿಳಿಸತಕ್ಕ ಗ್ರಾಹಕಗಳು ನಮ್ಮ ನರಗಳ ತುದಿಯಲ್ಲಿವೆ. ಸುಮಾರು 43 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಮುಟ್ಟಿದಾಗ ಅವು ಎಚ್ಚರಗೊಳ್ಳುತ್ತವೆ. ಕ್ಯಾಪ್ಸೇಸಿನ್ ಇದೇ ಗ್ರಾಹಕಗಳಿಗೆ ಅಂಟಿಕೊಂಡು, ಬಿಸಿಯೇ ಇಲ್ಲದಿರುವಾಗ ಬಿಸಿಯ ವರದಿಯನ್ನು ಕಳುಹಿಸುವಂತೆ ಮಾಡುವುದು. ಈ ಸಂಗತಿಯನ್ನು ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1997ರಲ್ಲಿ ಪ್ರಕಟಪಡಿಸಿದರು. ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಹಕ್ಕಿಗಳಲ್ಲಿ ಈ ಗ್ರಾಹಕವು ಕ್ಯಾಪ್ಸೇಸಿನ್‌ಗೆ ಓಗೊಡುವುದಿಲ್ಲ. ಆದುದರಿಂದಲೇ ಪಿಕಳಾರವು ಬುಟ್ಟಿಗಟ್ಟಲೆ ಹಣ್ಣನ್ನು ನಿಶ್ಚಿಂತೆಯಾಗಿ ನುಂಗುವುದು. ಮನುಷ್ಯನಿಗೆ ಸಾಮಾನ್ಯವಾಗಿ ಚರ್ಮ ಸುಟ್ಟಿರುವುದಿಲ್ಲ, ಬೊಬ್ಬೆ ಏಳುವುದಿಲ್ಲ; ಆದರೆ ನೋವು ಮಾತ್ರ ಸುಟ್ಟದ್ದಕ್ಕೆ ಸಮಾನವಾದುದು. ಹೊರಗೆ ಗುರುತಿಲ್ಲವೆಂದು ಇದನ್ನು ನೆಪವೆಂದು ತಿಳಿಯಕೂಡದು. ಮೆಣಸನ್ನು ಬಿಡಿಸಿದವರ ಕೈಗಳಿಗೆ ಬರುವ ಈ ಬಾಧೆಯನ್ನು ವೈದ್ಯರು ತಮ್ಮ ಪತ್ರಿಕೆಗಳಲ್ಲಿ ಒಂದು ರೋಗಲಕ್ಷಣವಾಗಿಯೇ ವರ್ಣಿಸಿದ್ದಾರೆ.

ನೀರಿನಿಂದ ಏಕೆ ಹೋಗದು?— ಕ್ಯಾಪ್ಸೇಸಿನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಣ್ಣೆ, ತುಪ್ಪ, ಮದ್ಯಸಾರಗಳಲ್ಲಿ ಕರಗುತ್ತದೆ. ಹಲಸಿನ ಮೇಣವನ್ನು ಬರಿಯ ನೀರಿನಿಂದ ತೊಳೆಯಲು ಯಾರೂ ಯತ್ನಿಸುವುದಿಲ್ಲ, ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮೆಣಸಿನ ವಿಷಯದಲ್ಲಿಯೂ ಇದೇ ಬುದ್ಧಿಯನ್ನು ಉಪಯೋಗಿಸಬೇಕಾಗಿದ್ದಿತು. ಮೇಣವು ಕಣ್ಣಿಗೆ ಕಾಣುತ್ತದೆ, ಖಾರವು ಕಾಣುವುದಿಲ್ಲ; ವ್ಯತ್ಯಾಸವಿಷ್ಟೇ. ಹಳ್ಳದಲ್ಲಿ ಕೈ ತೊಳೆದವರಿಗೆ ತಣ್ಣೀರಿನಿಂದ ಆ ಹೊತ್ತಿಗೆ ಹಿತವಾಗಿ, ಖಾರ ಹೋಯಿತೆಂಬ ಭ್ರಾಂತಿ ಉಂಟಾಗುವುದು. ಕೈ ಒಣಗಿದ ಕೂಡಲೆ ಉರಿ ಹಿಂದಿರುಗುವುದು. ಅನೇಕರಿಗೆ ಕೊಯ್ಯುವಾಗ ಏನೂ ತೋರದೆ, ಕೆಲವು ತಾಸುಗಳ ಮೇಲೆ ಉರಿ ಏಳುವುದುಂಟು.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ಸಂಜೆ ಕೆಲಸ ಮುಗಿಸಿ ಬಂದವರು ಬಚ್ಚಲಿನ ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮಾಡುವುದು ಇಲ್ಲಿಯ ಪದ್ಧತಿ. ಮೆಣಸು ಹತ್ತಿದ ಕೈಗೆ ಬಿಸಿನೀರಿನಷ್ಟು ಕೆಟ್ಟದ್ದು ಬೇರೊಂದಿಲ್ಲ. ಮೊದಲೇ ಎಚ್ಚೆತ್ತಿರುವ ಗ್ರಾಹಕಗಳಿಗೆ ಹದವಾದ ಬಿಸಿಯೂ ಕೆಂಡದಂತೆ ತೋರುವುದು. ಜೊತೆಗೆ ಕೈಯಲ್ಲಿ ಉಳಿದ ಖಾರವು ಮೈಯುಜ್ಜುವಾಗ ಮುಖಕ್ಕೂ ಕುತ್ತಿಗೆಗೂ ಹರಡುವುದು. ಮೆಣಸು ಕೊಯ್ದ ದಿನ, ಕೈಗಳನ್ನು ಮುಂದೆ ಹೇಳುವ ಕ್ರಮದಲ್ಲಿ ಶುದ್ಧಮಾಡಿಕೊಳ್ಳದೆ ಹಂಡೆಯ ನೀರನ್ನು ಮುಟ್ಟಬಾರದು.

ಕೈಗವಸುಗಳು.— ಮೊದಲನೆಯ ಹಾಗೂ ನಂಬಿಕೆಗೆ ಅರ್ಹವಾದ ರಕ್ಷಣೆ ಕೈಗವಸು. ಆದರೆ ಎಲ್ಲ ಕೈಗವಸುಗಳೂ ಒಂದೇ ಅಲ್ಲ. ಬಟ್ಟೆಯದು ನಿಷ್ಪ್ರಯೋಜಕ, ರಸವನ್ನು ಹೀರಿಕೊಂಡು ದಿನವೆಲ್ಲ ಚರ್ಮಕ್ಕೆ ಒತ್ತಿ ಹಿಡಿಯುವುದರಿಂದ ಬರಿಗೈಗಿಂತಲೂ ಕೆಡಕು. ಔಷಧದ ಅಂಗಡಿಗಳಲ್ಲಿ ದೊರೆಯುವ ಬಿಳಿಯ ತೆಳು ರಬ್ಬರಿನ ಕೈಗವಸನ್ನು ಕೆಲವರು ತರುತ್ತಾರೆ. ಸಹಜ ರಬ್ಬರು ಎಣ್ಣೆಯ ಅಂಶಕ್ಕೆ ಸಡಿಲಗೊಳ್ಳತಕ್ಕದ್ದು. ಕ್ಯಾಪ್ಸೇಸಿನ್ ಅದರ ಮೂಲಕ ಒಳನುಸುಳುವುದೂ ಉಂಟು. ನರಗಳ ನೋವಿಗೆ ನೂರಕ್ಕೆ 8ರ ಪ್ರಮಾಣದಲ್ಲಿ ಕ್ಯಾಪ್ಸೇಸಿನ್ ಇರುವ ಪಟ್ಟಿಯೊಂದನ್ನು ವೈದ್ಯರು ಚರ್ಮಕ್ಕೆ ಅಂಟಿಸುತ್ತಾರೆ. ಅದನ್ನು ಮುಟ್ಟತಕ್ಕವರು ಸಹಜ ರಬ್ಬರಿನದನ್ನಲ್ಲ, ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸನ್ನೇ ಹಾಕಬೇಕೆಂದು ತಯಾರಕರು ಸ್ಪಷ್ಟವಾಗಿ ಸೂಚಿಸಿದ್ದಾರೆ. ಕೊಯಿಲಿನವರಿಗೂ ಅದೇ ತಕ್ಕದ್ದು. ಸಾಮಾನ್ಯವಾಗಿ ನೀಲಿಯ ಬಣ್ಣದಲ್ಲಿ ಬರುವ ಈ ಕೈಗವಸು ಬೆರಳಿಗೆ ಬಿಗಿಯಾಗಿ ಕೂರುವುದರಿಂದ ಚಿಕ್ಕ ಕಾಯನ್ನು ಹಿಡಿಯಲು ಅಡ್ಡಿಯಾಗುವುದಿಲ್ಲ. ಮುಳ್ಳುಬೇಲಿಯಲ್ಲಿ ಹರಿದರೆ ಕೂಡಲೆ ಬದಲಿಸಬೇಕು. ತೂತಾದ ಕೈಗವಸು ಬಟ್ಟೆಯ ಕೈಗವಸಿಗೆ ಸಮ.

ಕೊಳೆರೋಗದ ಕಾಲದಲ್ಲಿ ಮೈಲುತುತ್ತ ಮತ್ತು ಸುಣ್ಣದ ಮದ್ದನ್ನು ಕಲಸಲು ಉಪಯೋಗಿಸಿದ ಕೈಗವಸನ್ನೇ ಮೆಣಸಿಗೂ ಕೊಡುವ ಯಜಮಾನರುಂಟು. ತಾಮ್ರದ ಮದ್ದು ಹತ್ತಿದುದು ತಿನ್ನುವ ಪದಾರ್ಥಕ್ಕೆ ಸೇರುವುದು. ಇದು ಸರ್ವಥಾ ಕೂಡದು.

ಕೈಗವಸನ್ನು ಯಾರು ತರಬೇಕು? ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಏಣಿ, ದೋಟಿ, ಬುಟ್ಟಿ, ಮದ್ದು ಹೊಡೆಯುವ ಯಂತ್ರ ಇವು ತೋಟದ ಸಲಕರಣೆಗಳು. ಕೊನೆಗೌಡನು ತನ್ನ ಮನೆಯಿಂದ ಮೈಲುತುತ್ತವನ್ನು ತರಲೆಂದು ಯಾವ ಜಮೀನುದಾರನೂ ಅಪೇಕ್ಷಿಸುವುದಿಲ್ಲ. ಕೈಗವಸೂ ಅದೇ ಲೆಕ್ಕಕ್ಕೆ ಸೇರತಕ್ಕದ್ದು. ಅದರ ಕ್ರಯ ಒಂದು ದಿನದ ಕೂಲಿಯ ಅಲ್ಪ ಭಾಗ ಮಾತ್ರ. ಆಳು ತಪ್ಪಿದ ದಿನ ಗಿಡದಲ್ಲಿಯೇ ಉಳಿದು ಹಕ್ಕಿಗೆ ಹೋಗುವ ಹಣ್ಣಿನ ಬೆಲೆ ಇದಕ್ಕಿಂತ ಎಷ್ಟೋ ಹೆಚ್ಚು. ಊರಿನ ಮುಖಂಡರು ತಮ್ಮ ತೋಟದಲ್ಲಿ ಇದನ್ನು ಮೊದಲು ಜಾರಿಗೆ ತಂದರೆ ಉಳಿದವರು ಅನುಸರಿಸುವರು. ಕೇಳಿ ಪಡೆಯಲು ಕೂಲಿಯವರಿಗೆ ಸಂಕೋಚವಾಗುವ ವಸ್ತುವನ್ನು ಕೇಳದೆ ಕೊಡುವುದೇ ಸರಿಯಾದ ಮಾರ್ಗ.

ಕೈಗವಸು ಒದಗದಿದ್ದಲ್ಲಿ.— ಆಗ ಕೊಬ್ಬರಿ ಎಣ್ಣೆಯನ್ನು ಬೆರಳ ಸಂದಿಗೂ ಉಗುರಿನ ಸುತ್ತಲೂ ಬಿಡದೆ ಹಚ್ಚಿಕೊಂಡು ಕೆಲಸಕ್ಕೆ ತೊಡಗಬೇಕು. ಖಾರವು ಚರ್ಮಕ್ಕಿಂತ ಮೊದಲು ಎಣ್ಣೆಯಲ್ಲಿ ಸೇರುವುದು. ಆದರೆ ಅದೇ ಎಣ್ಣೆ ಹೊತ್ತು ಕಳೆದಂತೆ ಖಾರದ ಎಣ್ಣೆಯಾಗುವುದರಿಂದ, ಆಗಾಗ್ಗೆ ಹಳೆಯ ಬಟ್ಟೆಯಿಂದ ಒರಸಿ ಹೊಸದಾಗಿ ಹಚ್ಚಿಕೊಳ್ಳಬೇಕು. ಒರಸಿದ ಬಟ್ಟೆಯನ್ನು ಮುಖಕ್ಕೆ ಒಯ್ಯಬಾರದು. ಇದು ಕೈಗವಸಿಗೆ ಸಮವಾದ ಉಪಾಯವಲ್ಲ. ರಬ್ಬರಿನ ಕೈಗವಸಿನ ಒಳಗೆ ಎಣ್ಣೆ ಹಚ್ಚಿಕೊಳ್ಳುವುದೂ ತಪ್ಪು. ರಬ್ಬರು ಬೇಗನೆ ಹಾಳಾಗುವುದು.

ಕೊಯ್ಯುವ ಕ್ರಮದಿಂದಲೇ ಅರ್ಧ ಬಾಧೆಯನ್ನು ತಪ್ಪಿಸಬಹುದು. ಹಣ್ಣು ಮೆತ್ತಗಾಗುವವರೆಗೆ ಬಿಡದೆ, ಕೆಂಪೇರಿ ಇನ್ನೂ ಗಟ್ಟಿಯಾಗಿರುವಾಗಲೇ ತೊಟ್ಟಿನಲ್ಲಿ ಹಿಡಿದು ತೊಟ್ಟುಸಹಿತ ಕೀಳಬೇಕು. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವುದಕ್ಕೆ ಮುಂಚೆ ಕೊಯ್ದರೆ ಒಳ್ಳೆಯದು. ಬಿಸಿಲಿಗೆ ಕಾದು ಬೆವರಿದ ಕೈಗೆ ಉರಿ ಬೇಗ ತಗಲುವುದು. ಉಗುರು ಕತ್ತರಿಸಿಕೊಂಡವರು, ಕೈಯಲ್ಲಿ ಗಾಯ ಅಥವಾ ಬಿರುಕು ಇಲ್ಲದವರು ಈ ಕೆಲಸಕ್ಕೆ ತಕ್ಕವರು. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯಿಂದ ಬೆರಳು ಗೀರಿಕೊಂಡವರನ್ನು ಮೆಣಸಿಗೆ ಕಳುಹಿಸಬಾರದು. ಕೊಯ್ದುದನ್ನು ಒಟ್ಟುಗೂಡಿಸುವಾಗ ಅಂಗೈಯಿಂದ ಬಾಚುವ ಬದಲು ಅಡಿಕೆಹಾಳೆಯ ತುಂಡನ್ನು ಮೊರದಂತೆ ಉಪಯೋಗಿಸಬಹುದು. ಖರ್ಚಿಲ್ಲದ ಇಂತಹ ಸಾಧನವು ಪ್ರತಿ ತೋಟದಲ್ಲಿಯೂ ಬಿದ್ದಿರುವುದು.

ಶುದ್ಧಮಾಡಿಕೊಳ್ಳುವ ಕ್ರಮ.— ಕೆಲಸ ಮುಗಿದೊಡನೆ ನೀರು ಮುಟ್ಟುವ ಮೊದಲು ಎಣ್ಣೆ. ಒಂದು ಚಮಚದಷ್ಟು ಯಾವುದೇ ಅಡಿಗೆಯ ಎಣ್ಣೆಯನ್ನು ಕೈಗಳಿಗೆ ಚೆನ್ನಾಗಿ ಉಜ್ಜಿ, ಕಡಲೆಹಿಟ್ಟು ಅಥವಾ ಅಕ್ಕಿಯ ತೌಡಿನಿಂದ ತಿಕ್ಕಿ ಎಣ್ಣೆಯನ್ನು ತೆಗೆಯಬೇಕು. ಅನಂತರ ಸಾಬೂನು ಅಥವಾ ಪಾತ್ರೆ ತೊಳೆಯುವ ದ್ರಾವಣ, ಅದಿಲ್ಲದಿದ್ದರೆ ಅಂಟುವಾಳದ ನೊರೆ; ನೊರೆಗೆ ಎಣ್ಣೆಯನ್ನು ನೀರಿನೊಂದಿಗೆ ಕೂಡಿಸಿ ಒಯ್ಯುವ ಶಕ್ತಿಯುಂಟು. ತಣ್ಣೀರಿನಲ್ಲಿ ತೊಳೆದು, ಇಷ್ಟನ್ನೂ ಇನ್ನೊಂದಾವರ್ತಿ ಮಾಡಬೇಕು. ಉಗುರಿನ ಸಂದಿಯನ್ನು ಕುಂಚದಿಂದ ಉಜ್ಜುವುದನ್ನು ಮರೆಯಬಾರದು. ಬಹುಮಂದಿಗೆ ರಾತ್ರಿಯ ಬಾಧೆ ಹುಟ್ಟುವುದು ಅಲ್ಲಿಂದಲೇ. ಕೊನೆಗೆ ಬೆರಳಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದರೆ ಖಾರ ಉಳಿದಿದೆಯೋ ಇಲ್ಲವೋ ಗೊತ್ತಾಗುವುದು. ಒಲೆಯ ಬೂದಿಯಿಂದ ತಿಕ್ಕುವುದೂ ಸುಣ್ಣ ಹಚ್ಚುವುದೂ ಕೆಲವೆಡೆ ರೂಢಿಯಲ್ಲಿವೆ. ಇವೆರಡೂ ಕ್ಷಾರವಾದುದರಿಂದ ಉರಿಯುತ್ತಿರುವ ಚರ್ಮವನ್ನು ಮತ್ತಷ್ಟು ಕೆಣಕುವುವು, ಬಿಟ್ಟುಬಿಡುವುದು ಲೇಸು.

ಉರಿ ಆಗಲೇ ಎದ್ದಿದ್ದರೆ ಕೈಗಳನ್ನು ಎಣ್ಣೆಯಲ್ಲಿ ಬಹಳ ಹೊತ್ತು ಮುಳುಗಿಸಿಟ್ಟುಕೊಳ್ಳುವುದು ಉತ್ತಮ. ತಣ್ಣೀರಿಗೂ ಎಣ್ಣೆಗೂ ಇರುವ ತಾರತಮ್ಯವನ್ನು ಅಮೇರಿಕದಲ್ಲಿ ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ್ದಾರೆ: ಮೊದಲಿಗೆ ತಣ್ಣೀರು ಹೆಚ್ಚು ಹಿತವೆನಿಸಿದರೂ, ಬಹುಹೊತ್ತು ಎಣ್ಣೆಯಲ್ಲಿಟ್ಟವರಿಗೆ ದೊರೆತ ಉಪಶಮನವೇ ಹೆಚ್ಚಾಗಿ ನಿಂತಿತು. ತಣ್ಣನೆಯ ಹಾಲು ಅಥವಾ ಮೊಸರಿನಲ್ಲಿ ಕೈಯಿಡುವುದೂ ಸ್ವಲ್ಪ ಮಟ್ಟಿಗೆ ಸಹಾಯಕ. ಚರ್ಮ ಊದಿ ಬೊಬ್ಬೆ ಬಂದರೆ, ಅಥವಾ ಒಂದು ಹಗಲು ಒಂದು ರಾತ್ರಿ ಕಳೆದರೂ ಉರಿ ಇಳಿಯದಿದ್ದರೆ, ಮನೆಮದ್ದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಕಣ್ಣು ಮತ್ತು ಎಳೆಯ ಮಕ್ಕಳು.— ಕೈಯ ಉರಿ ಕೈಯಲ್ಲಿಯೇ ಉಳಿದರೆ ಒಂದು ರಾತ್ರಿಯ ಕಷ್ಟ. ಕಣ್ಣಿಗೆ ಹೋದರೆ ಗಾಬರಿಯ ಮಾತು. ಕಣ್ಣಿಗೆ ಖಾರ ತಗಲಿದಾಗ ಉಜ್ಜದೆ, ರೆಪ್ಪೆಯನ್ನು ತೆರೆದು ಹಿಡಿದು, ಶುದ್ಧವಾದ ತಣ್ಣೀರನ್ನು 15 ನಿಮಿಷಗಳಷ್ಟು ಹೊತ್ತು ಬಿಡದೆ ಹರಿಸಬೇಕು. ನೀರು ಹಾಕುವವರ ಕೈಯಲ್ಲಿ ಖಾರವಿರಬಾರದು. ಹಾಲು, ತುಪ್ಪ, ಎಣ್ಣೆ ಮೊದಲಾದುವುಗಳನ್ನು ಕಣ್ಣಿಗೆ ಬಿಡಕೂಡದು; ಕೈಗೆ ಹೇಳಿದ ಉಪಾಯ ಕಣ್ಣಿಗಲ್ಲ. ಆಮೇಲೂ ನೋವಿದ್ದರೆ, ದೃಷ್ಟಿ ಮಂಜಾದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರವು ಮೊಲೆಯುಣಿಸುವ ತಾಯಂದಿರ ವಿಷಯದಲ್ಲಿ ಇರತಕ್ಕದ್ದು. ಮಧ್ಯಾಹ್ನದ ಬಿಡುವಿನಲ್ಲಿ ಮಗುವನ್ನು ಎತ್ತಿಕೊಳ್ಳುವ ತಾಯಿಗೆ ತನ್ನ ಕೈಯಲ್ಲಿ ಉರಿಯಿರುವುದು ಗೊತ್ತೇ ಇರುವುದಿಲ್ಲ. ಮಗುವಿನ ತುಟಿಗೂ ಕಣ್ಣಿಗೂ ಬೆರಳು ತಗಲಿದ ಮೇಲೆ ಅದು ಏಕೆ ಅಳುತ್ತಿದೆಯೆಂಬುದೂ ತಿಳಿಯುವುದಿಲ್ಲ. ದೃಷ್ಟಿ ತೆಗೆಯುವುದರಲ್ಲಿ ಹೊತ್ತು ಹೋಗುತ್ತದೆ. ಎಳೆಗೂಸಿನ ತಾಯಂದಿರಿಗೆ ಮೆಣಸಿನ ಬದಲು ಬೇರೆ ಕೆಲಸವನ್ನು ಕೊಡುವುದು ಯಜಮಾನನಿಗೆ ಕಷ್ಟವಲ್ಲ. ಗಂಡಾಳುಗಳಾಗಲಿ ಹೆಣ್ಣಾಳುಗಳಾಗಲಿ, ಮೂತ್ರವಿಸರ್ಜನೆಗೆ ಹೋದ ಬಳಿಕವಲ್ಲ, ಹೋಗುವ ಮೊದಲೇ ಕೈ ಶುದ್ಧಮಾಡಿಕೊಳ್ಳಬೇಕೆಂಬುದನ್ನೂ ಸಂಕೋಚವಿಲ್ಲದೆ ತಿಳಿಸಿ ಹೇಳಬೇಕು.

ಅಂಗಳದಲ್ಲಿ ಮತ್ತು ಅಡಿಗೆಯ ಮನೆಯಲ್ಲಿ.— ಒಣಗಿದರೆ ಖಾರ ತಗ್ಗುವುದೆಂದು ತಿಳಿಯಬಾರದು. ನೀರು ಹೋಗಿ ಸತ್ತ್ವ ಉಳಿಯುವುದು. ಒಣಗಿದ ಕಾಯಿಯ ಪುಡಿಯು ಗಾಳಿಯಲ್ಲಿ ಏಳುವುದರಿಂದ ಚೀಲಕ್ಕೆ ತುಂಬುವವರು ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಬೆನ್ನು ಮಾಡಿ ಕೂರಬೇಕು. ಮನೆಯೊಳಗೆ ಅಪ್ಪೆಮಿಡಿಯ ಉಪ್ಪಿನಕಾಯಿಗೆ ಹಿಂಡಿ ಕಲಸುವಾಗಲೂ, ಮಜ್ಜಿಗೆ ಮೆಣಸಿಗಾಗಿ ಕಾಯಿ ಸೀಳುವಾಗಲೂ ಇದೇ ನಿಯಮ. ಕೈಯ ಬದಲು ಮರದ ಸೌಟು, ಬೆರಳಿನ ಬದಲು ಕತ್ತಿಯ ಮೊನೆ. ಒರಳು, ಕತ್ತಿ, ಬುಟ್ಟಿಗಳಲ್ಲಿ ಖಾರವು ದಿನಗಟ್ಟಲೆ ಉಳಿಯುವುದು. ಮಾರನೆಯ ದಿನ ಅದೇ ಒರಳನ್ನು ತೊಳೆಯುವ ಸೊಸೆಯ ಕೈ ಉರಿದರೆ ಅದಕ್ಕೆ ಕಾರಣ ನಿನ್ನೆಯ ಮೆಣಸೇ.

ಬೀಜ ತೆಗೆಯುವುದು.— ಹಕ್ಕಿಗಳನ್ನು ನಂಬದೆ ತಾವೇ ಸಸಿ ಮಾಡಬೇಕೆನ್ನುವವರು ಬೀಜ ತೆಗೆಯುವಾಗ, ಆ ಬಿಳಿಯ ನಡುದಿಂಡನ್ನೇ ಮುಟ್ಟಬೇಕಾಗುವುದರಿಂದ ಕೊಯಿಲಿಗಿಂತಲೂ ಹೆಚ್ಚು ಜಾಗರೂಕರಾಗಿರಬೇಕು. ಚೆನ್ನಾಗಿ ಪಕ್ವವಾದ ಹಣ್ಣುಗಳನ್ನು ಆರಿಸಿ, ಅಗಲವಾದ ಪಾತ್ರೆಯಲ್ಲಿ ನೀರಿನೊಂದಿಗೆ ಹಾಕಿ, ಮರದ ಕಡಗೋಲಿನಿಂದ ಮೆಲ್ಲಗೆ ಜಜ್ಜಬೇಕು. ಗಟ್ಟಿ ಬೀಜ ತಳಕ್ಕೆ ಇಳಿಯುವುದು. ಸಿಪ್ಪೆಯೂ ಜೊಳ್ಳೂ ಮೇಲೆ ತೇಲುವುವು. ಮೇಲಿನ ನೀರನ್ನು ಬಚ್ಚಲಿಗಾಗಲಿ ಬಟ್ಟೆ ಒಗೆಯುವ ಕಲ್ಲಿನ ಬಳಿಗಾಗಲಿ ಚೆಲ್ಲದೆ, ಜನರು ಓಡಾಡದ ಕಡೆ ಗುಂಡಿಗೆ ಸುರಿಯಬೇಕು. ಎರಡು ಮೂರು ಸಲ ನೀರು ಬದಲಿಸಿದ ಮೇಲೆ ಉಳಿದ ಬೀಜವನ್ನು ಹಾಳೆಯ ಮೇಲೆ ತೆಳ್ಳಗೆ ಹರಡಿ ನೆರಳಿನಲ್ಲಿ ಒಣಗಿಸತಕ್ಕದ್ದು. ಒಣಗಿದ ಬೀಜದ ಮೇಲೂ ಖಾರವು ಅಂಟಿಕೊಂಡಿರುವುದರಿಂದ ಸಸಿಮಡಿಗೆ ಬಿತ್ತುವ ದಿನವೂ ಕೈಗವಸು ಕೈಯಲ್ಲಿರಬೇಕು.